ಗಾಣದೆಣ್ಣೆ, ಬೆಲ್ಲ, ಸೋಪು, ಅಂಟುವಾಳ: ಸಣ್ಣ ತಯಾರಕರ ಸರಕಿಗೆ ಒಂದು ಒರೆಗಲ್ಲು

ಮರದ ಗಾಣ ಹಾಕಿಕೊಂಡವರು, ಸಾವಯವ ಸಂತೆಯಲ್ಲಿ ಬೆಲ್ಲ ಮಾರುವವರು, ಮನೆಯಲ್ಲೇ ಸೋಪು ಮಾಡುವವರು ಈಗ ಕರ್ನಾಟಕದ ಹಲವು ಪಟ್ಟಣಗಳಲ್ಲಿದ್ದಾರೆ. ಇವರ ಕೆಲವು ಸರಕಿಗೆ ಅಂಗಡಿ ಮಾಲಿನ ದುಪ್ಪಟ್ಟು ಕೊಟ್ಟರೂ ನಷ್ಟವಿಲ್ಲ. ಕೆಲವನ್ನು ಬಿಟ್ಟಿ ಕೊಟ್ಟರೂ ಬೇಡ ಎನ್ನಬೇಕು. ಲೇಬಲ್ಲಿನ ಮೇಲೆ ಎರಡೂ ಒಂದೇ ಥರ ಕಾಣುತ್ತವೆ.

ಮನೆಯ ದುಡ್ಡು ಹೆಚ್ಚು ಹೋಗುವುದು ಎಣ್ಣೆಗೆ. ಮರದ ಗಾಣದಲ್ಲಿ ಶೇಂಗಾ ಬೀಜ ಅರೆದರೆ ನೂರು ಕಿಲೋಗೆ ಸುಮಾರು 40 ಕಿಲೋ ಎಣ್ಣೆ ಇಳಿಯುತ್ತದೆ. ಅಂದರೆ ಒಂದು ಲೀಟರಿಗೆ ಎರಡೂಕಾಲರಿಂದ ಎರಡೂವರೆ ಕಿಲೋ ಬೀಜ ಬೇಕು. ಬೀಜ ಕಿಲೋಗೆ 120 ರೂಪಾಯಿ ಇದ್ದರೆ ಬೀಜದ ಖರ್ಚೇ 300ರ ಹತ್ತಿರ ಹೋಗುತ್ತದೆ. ಹಿಂಡಿ ಮಾರಿ ಒಂದಿಷ್ಟು ವಾಪಸ್ ಬಂದರೂ ಕರೆಂಟು, ಕೂಲಿ, ಬಾಟಲಿ ಸೇರಬೇಕು. ಹೀಗಿರುವಾಗ 220 ರೂಪಾಯಿಗೆ 'ಶುದ್ಧ ಗಾಣದೆಣ್ಣೆ' ಎಂದು ಯಾರಾದರೂ ಕೊಟ್ಟರೆ ಅದರಲ್ಲಿ ಬೇರೆ ಎಣ್ಣೆ ಸೇರಿದೆ ಎಂದೇ ತಿಳಿಯಬೇಕು. ನಿಮ್ಮೂರಿನ ಬೀಜದ ದರ ಕೇಳಿ ಈ ಲೆಕ್ಕ ಹಾಕಿ ನೋಡಿ. ಮನೆಯಲ್ಲಿ ಮಾಡುವ ಯಾವ ಪರೀಕ್ಷೆಗಿಂತಲೂ ಇದು ಗಟ್ಟಿ.

ಗಾಣದ ಮುಂದೆ ಹತ್ತು ನಿಮಿಷ ನಿಂತರೆ ಇನ್ನಷ್ಟು ಗೊತ್ತಾಗುತ್ತದೆ. ಅರೆಯುವಾಗ ಬೀಜಕ್ಕೆ ಸ್ವಲ್ಪ ನೀರು ಚಿಮುಕಿಸುತ್ತಾರೆ. ಹಿಂಡಿಯಿಂದ ಎಣ್ಣೆ ಬಿಡಲು ಅದು ಬೇಕು, ಕಲಬೆರಕೆಯಲ್ಲ. ಆದರೆ ಕೈ ಜಾರಿ ನೀರು ಹೆಚ್ಚಾದರೆ ಎಣ್ಣೆಯಲ್ಲಿ ತೇವ ಉಳಿದು ಬೇಗ ಕಮಟು ವಾಸನೆ ಬರುತ್ತದೆ. ಒಳ್ಳೆಯ ಗಾಣದವರು ಇಳಿದ ಎಣ್ಣೆಯನ್ನು ಎರಡು ಮೂರು ದಿನ ಅಗಲ ಬಾಯಿಯ ಪಾತ್ರೆಯಲ್ಲಿ ಬಿಟ್ಟು, ಮಡ್ಡಿ ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನಷ್ಟೇ ತುಂಬುತ್ತಾರೆ. ಬಾಟಲಿಯ ತಳದಲ್ಲಿ ತೆಳ್ಳಗೆ ಮಡ್ಡಿ ಇದ್ದರೆ ಚಿಂತೆ ಬೇಡ. ಒಂದು ಬೆರಳು ದಪ್ಪ ಇದ್ದರೆ ಅವಸರದಲ್ಲಿ ತುಂಬಿದ್ದಾರೆ. ಆ ಎಣ್ಣೆ ಬಾಣಲೆಯಲ್ಲಿ ನೊರೆ ಉಕ್ಕಿಸುತ್ತದೆ, ತಳದಲ್ಲಿ ಕಪ್ಪಗೆ ಕರಕಲಾಗುತ್ತದೆ.

ಗಾಣದೆಣ್ಣೆಯ ಅಭಿಮಾನಿಗಳು ಹೇಳದ ಮಾತೊಂದಿದೆ. ಶೇಂಗಾಕ್ಕೆ ಬೂಸ್ಟು ಹಿಡಿದರೆ ಅಫ್ಲಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಅದು ಯಕೃತ್ತಿನ ಕ್ಯಾನ್ಸರಿಗೆ ಕಾರಣವಾಗಬಲ್ಲದು. ರಿಫೈನರಿಯಲ್ಲಿ ಕ್ಷಾರ ಮತ್ತು ಬ್ಲೀಚಿಂಗ್ ಮಣ್ಣಿನ ಹಂತ ದಾಟುವಾಗ ಅದು ಬಹುಪಾಲು ಹೋಗುತ್ತದೆ, ಗಾಣದೆಣ್ಣೆಗೆ ಇಳಿದದ್ದು ಹಾಗೇ ಉಳಿಯುತ್ತದೆ. ಆದ್ದರಿಂದ ಗಾಣ ಯಾವ ಮರದ್ದು ಎಂಬುದಕ್ಕಿಂತ ಬೀಜದ ಚೀಲ ಹೇಗಿದೆ ಎಂಬುದು ಮುಖ್ಯ. ಚೀಲಕ್ಕೆ ಕೈ ಹಾಕಿ ಒಂದು ಹಿಡಿ ತೆಗೆಯಿರಿ. ಸುಕ್ಕಾದ, ಕಪ್ಪಾದ, ಹಸಿರು ಪುಡಿ ಮೆತ್ತಿದ ಬೀಜ ಕಂಡರೆ ಕೊಳ್ಳಬೇಡಿ. ನಾವೇ ಆರಿಸಿದ ಬೀಜ ಒಯ್ದರೆ ಕೂಲಿಗೆ ಅರೆದುಕೊಡುವ ಗಾಣಗಳಿವೆ. ಅದಕ್ಕಿಂತ ಒಳ್ಳೆಯ ದಾರಿಯಿಲ್ಲ.

ಕೊಬ್ಬರಿ ಎಣ್ಣೆ ಚಳಿಗೆ ಹೆಪ್ಪುಗಟ್ಟಿದರೆ ಶುದ್ಧ ಎನ್ನುವ ನಂಬಿಕೆ ಪೂರ್ತಿ ಸರಿಯಲ್ಲ. ಸುಮಾರು 24 ಡಿಗ್ರಿಗಿಂತ ಕೆಳಗೆ ರಿಫೈನ್ ಮಾಡಿದ ಕೊಬ್ಬರಿ ಎಣ್ಣೆಯೂ ಗಟ್ಟಿಯಾಗುತ್ತದೆ. ಕೊಬ್ಬರಿ ಹೇಗೆ ಒಣಗಿಸಿದ್ದು ಎಂದು ಕೇಳಿ. ಬೂಸ್ಟು ಬಾರದಿರಲೆಂದು ಗಂಧಕದ ಹೊಗೆ ಹಾಕುವುದುಂಟು. ಅಂಥ ಕೊಬ್ಬರಿ ಅಸಹಜವಾಗಿ ಬೆಳ್ಳಗಿರುತ್ತದೆ.

ಬೆಲ್ಲದ ಮಾತಿಗೆ ಬಂದರೆ, ಆಲೆಮನೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಕೊಳೆ ಎತ್ತಲು ಸುಣ್ಣದ ತಿಳಿ, ಬೆಂಡೆ ಗಿಡದ ಲೋಳೆ ಬಳಸುವುದು ಹಳೆಯ ಪದ್ಧತಿ. ಬಂಗಾರದ ಬಣ್ಣಕ್ಕಾಗಿ ಹೈಡ್ರೋಸ್ (ಬಣ್ಣ ತಿಳಿಮಾಡುವ ಸೋಡಿಯಂ ಹೈಡ್ರೋಸಲ್ಫೈಟ್ ಪುಡಿ) ಹಾಕುವುದು ಆಮೇಲೆ ಬಂದದ್ದು. ಹೈಡ್ರೋಸ್ ಹಾಕಿದ ಅಚ್ಚು ಮನೆಯಲ್ಲಿಟ್ಟರೆ ಕೆಲವು ವಾರಗಳಲ್ಲಿ ಮತ್ತೆ ಕಪ್ಪಾಗುತ್ತಾ ಹೋಗುತ್ತದೆ. ಹಾಗೆಂದು ಕಪ್ಪು ಬೆಲ್ಲವೆಲ್ಲ ಸಾವಯವವಲ್ಲ. ಪಾಕ ಸೀದರೂ ಕಪ್ಪಾಗುತ್ತದೆ, ಆಗ ನಾಲಿಗೆಯ ಹಿಂಬದಿಯಲ್ಲಿ ಕಹಿ ಉಳಿಯುತ್ತದೆ. ಒಂದು ತುಂಡು ಬಿಸಿನೀರಿನಲ್ಲಿ ಕರಗಿಸಿ, ಗಾಜಿನ ಲೋಟದಲ್ಲಿ ಅರ್ಧ ಗಂಟೆ ಬಿಡಿ. ತಳದಲ್ಲಿ ಬಿಳಿ ಪುಡಿ ಕೂತರೆ ಸೀಮೆಸುಣ್ಣದ ಪುಡಿ ಬೆರೆತಿರಬಹುದು. ಕಬ್ಬಿನ ನಾರು ಒಂದೆರಡು ತೇಲಿದರೆ ದೋಷವಲ್ಲ.

ಶಿರಸಿ, ಸಾಗರದ ಕಡೆಯ ಜೋನಿ ಬೆಲ್ಲಕ್ಕೆ, ಅಂದರೆ ಅಚ್ಚಾಗದ ದ್ರವ ಬೆಲ್ಲಕ್ಕೆ, ನಮ್ಮ ಪೂರ್ಣ ಅಂಕ. ಆದರೆ ಪಾಕ ಸುಮಾರು 105-106 ಡಿಗ್ರಿ ಮುಟ್ಟಿರಬೇಕು. ಅಚ್ಚು ಬೆಲ್ಲಕ್ಕೆ 118ರ ಆಸುಪಾಸು ಬೇಕು. 105 ಮುಟ್ಟುವ ಮೊದಲೇ ಇಳಿಸಿದ ಜೋನಿ ತೆಳುವಾಗಿ, ಮಳೆಗಾಲದಲ್ಲಿ ನೊರೆ ಎದ್ದು ಹುಳಿಯಾಗುತ್ತದೆ. ಡಬ್ಬಿಯ ಮುಚ್ಚಳ ಉಬ್ಬಿದ್ದರೆ ತೆಗೆದುಕೊಳ್ಳಬೇಡಿ. ತಳದಲ್ಲಿ ಹರಳುಗಟ್ಟಿದ್ದರೆ ಅದು ಸಕ್ಕರೆ ಬೆರಕೆಯೇ ಆಗಿರಬೇಕೆಂದಿಲ್ಲ, ಒಳ್ಳೆಯ ಜೋನಿಯೂ ಹರಳಾಗುತ್ತದೆ. ಒದ್ದೆ ಚಮಚ ಮಾತ್ರ ಅದ್ದಬೇಡಿ.

'ಸಾವಯವ' ಎಂಬ ಪದಕ್ಕೆ ಕಾನೂನಿದೆ. 2017ರ ನಿಯಮದಂತೆ ಎನ್‌ಪಿಒಪಿ (ಹೊರಗಿನ ಸಂಸ್ಥೆ ಪರಿಶೀಲಿಸಿ ಕೊಡುವುದು) ಅಥವಾ ಪಿಜಿಎಸ್-ಇಂಡಿಯಾ (ರೈತರ ಗುಂಪು ಪರಸ್ಪರ ಪರಿಶೀಲಿಸಿ ಕೊಡುವುದು), ಎರಡರಲ್ಲೊಂದು ಪ್ರಮಾಣಪತ್ರ ಬೇಕು. ವರ್ಷಕ್ಕೆ 12 ಲಕ್ಷ ರೂಪಾಯಿ ಮೀರದ ವಹಿವಾಟಿನ ಸಣ್ಣ ಬೆಳೆಗಾರ ನೇರವಾಗಿ ಗ್ರಾಹಕರಿಗೆ ಮಾರಿದರೆ ವಿನಾಯಿತಿ ಉಂಟು, ಆದರೆ ಅವನು ಸಾವಯವ ಆಹಾರದ ಗುರುತಾದ ಜೈವಿಕ್ ಭಾರತ್ ಲಾಂಛನ ಹಾಕುವಂತಿಲ್ಲ. ಪಿಜಿಎಸ್-ಗ್ರೀನ್ ಎಂದಿದ್ದರೆ ಹೊಲ ಇನ್ನೂ ಪರಿವರ್ತನೆಯ ಹಂತದಲ್ಲಿದೆ ಎಂದರ್ಥ. ಅದನ್ನು ಮುಚ್ಚಿಡದೆ ಹೇಳುವವರನ್ನು ನಂಬಬಹುದು.

ಇನ್ನು ಸೋಪು. 'ಕೆಮಿಕಲ್ ಇಲ್ಲದ ಸೋಪು' ಎಂದು ಬರೆದವರ ಹತ್ತಿರ ಕೊಳ್ಳಬೇಡಿ, ಅದು ಸುಳ್ಳು. ಕಾಸ್ಟಿಕ್ ಸೋಡಾ ಇಲ್ಲದೆ ಎಣ್ಣೆ ಸೋಪಿನ ಗಟ್ಟಿ ಬಿಲ್ಲೆ ಆಗುವುದಿಲ್ಲ. ಲೆಕ್ಕ ಸರಿಯಿದ್ದರೆ ಆ ಸೋಡಾ ಎಣ್ಣೆಯೊಡನೆ ಸೇರಿ ಮುಗಿದುಹೋಗುತ್ತದೆ, ಅಷ್ಟೆ. 'ಪಿಎಚ್ 5.5' ಎಂದು ಬರೆದಿದ್ದರೂ ದೂರವಿರಿ. ನಿಜವಾದ ಸೋಪಿನ ಪಿಎಚ್ 9ರಿಂದ 10ರಷ್ಟು. ಒಳ್ಳೆಯ ತಯಾರಕರು ಎಣ್ಣೆಯನ್ನು ಲೆಕ್ಕಕ್ಕಿಂತ ಸುಮಾರು 5 ಪ್ರತಿಶತ ಹೆಚ್ಚು ಹಾಕುತ್ತಾರೆ. ಬಿಲ್ಲೆಯನ್ನು ಗಾಳಿಯಲ್ಲಿ ನಾಲ್ಕರಿಂದ ಆರು ವಾರ ಒಣಗಿಸುತ್ತಾರೆ. ಮಾಡಿದ ದಿನಾಂಕ ಕೇಳಿ. ಹದಿನೈದು ದಿನದ ಸೋಪು ಬಚ್ಚಲಲ್ಲಿ ಒಂದೇ ವಾರಕ್ಕೆ ಕರಗಿ ಲೋಳೆಯಾಗುತ್ತದೆ. ಮೇಲಿನ ತೆಳು ಬಿಳಿ ಪುಡಿ ನಿರಪಾಯಕಾರಿ. ಆದರೆ ಕೊಯ್ದ ಬಿಲ್ಲೆಯೊಳಗೆ ಒದ್ದೆ ಗುಳಿ, ಬಿಳಿ ಗಂಟು ಕಂಡರೆ ಬೆರೆಯದ ಸೋಡಾ ಇರಬಹುದು. ಮೈಗೆ ಹಚ್ಚಬೇಡಿ.

ಅಂಟುವಾಳದ ದ್ರಾವಣದಲ್ಲಿ ಮೋಸ ಹಿಡಿಯುವುದು ಸುಲಭ. ನೊರೆ ಕೊಡುವ ಸಪೋನಿನ್ ಇರುವುದು ಕಾಯಿಯ ಸಿಪ್ಪೆಯಲ್ಲಿ, ಬೀಜದಲ್ಲಲ್ಲ. ನಿಜವಾದ ದ್ರಾವಣ ನೀರಿನಷ್ಟೇ ತೆಳು, ಚಹಾದ ಬಣ್ಣ, ಸಣ್ಣಗೆ ಹುಳಿ ವಾಸನೆ. ಜೇನಿನಂತೆ ಗಟ್ಟಿಯಾಗಿದ್ದು, ನಿಂಬೆ ಘಮಘಮಿಸಿ, ಬಕೆಟ್ ತುಂಬ ನೊರೆ ಬಂದರೆ ಅದರಲ್ಲಿ ಬೇರೆ ಡಿಟರ್ಜೆಂಟ್ ಇದೆ. ಸಂರಕ್ಷಕವಿಲ್ಲದೆ ಇದು ಹೊರಗಿಟ್ಟರೆ ಮೂರು ನಾಲ್ಕು ದಿನಕ್ಕೆ ಕೊಳೆಯುತ್ತದೆ. 'ಸಂರಕ್ಷಕವಿಲ್ಲ, ಒಂದು ವರ್ಷ ಬಾಳಿಕೆ' ಎಂಬ ಎರಡು ಮಾತೂ ಒಂದೇ ಬಾಟಲಿಯ ಮೇಲೆ ನಿಜವಾಗಿರಲಾರವು. ನಮ್ಮ ಸಲಹೆ, ಬೀಜ ತೆಗೆದ ಒಣ ಸಿಪ್ಪೆಯನ್ನೇ ಕೊಳ್ಳಿ. 100 ಗ್ರಾಂ ಸಿಪ್ಪೆ ಒಂದು ಲೀಟರ್ ನೀರಲ್ಲಿ ರಾತ್ರಿ ನೆನೆಹಾಕಿ, ಬೆಳಿಗ್ಗೆ 15 ನಿಮಿಷ ಕುದಿಸಿ, ಆರಿದ ಮೇಲೆ ಕಿವುಚಿ ಬಟ್ಟೆಯಲ್ಲಿ ಸೋಸಿ. ಫ್ರಿಜ್ಜಿನಲ್ಲಿ ಒಂದು ವಾರ ಇರುತ್ತದೆ. ರೇಷ್ಮೆ ಸೀರೆಗೆ, ಉಣ್ಣೆಗೆ, ಬಂಗಾರದ ಒಡವೆಗೆ ಬಹಳ ಒಳ್ಳೆಯದು. ಜಿಡ್ಡಿನ ಬಾಣಲೆಗೆ ಸಾಲದು. ಒಣ ಬಿಳಿ ಬಟ್ಟೆಯ ಮೇಲೆ ನೇರ ಸುರಿದರೆ ಕಂದು ಕಲೆ ಉಳಿಯುತ್ತದೆ, ಮೊದಲು ಬಕೆಟ್ ನೀರಿಗೆ ಬೆರೆಸಿ. ಸಪೋನಿನ್ ಮೀನಿಗೆ ವಿಷ, ಹಾಗಾಗಿ ತೊಳೆದ ನೀರು ಕೆರೆಗೆ, ತೊಟ್ಟಿಗೆ ಹೋಗಬಾರದು. ಗಿಡದಿಂದ ಬಂದದ್ದೆಲ್ಲ ಪರಿಸರಕ್ಕೆ ಸಾಧು ಎನ್ನುವವರು ಇದನ್ನು ಗಮನಿಸಬೇಕು.

ನೆಲ ಒರೆಸುವ ಬಯೋ ಎಂಜೈಮ್ ಒಂದು ಪಾಲು ಬೆಲ್ಲ, ಮೂರು ಪಾಲು ನಿಂಬೆ ಜಾತಿಯ ಸಿಪ್ಪೆ, ಹತ್ತು ಪಾಲು ನೀರು ಸೇರಿ ಮೂರು ತಿಂಗಳು ಹುದುಗಿದ ಹುಳಿ ದ್ರಾವಣ. ಗ್ರಾನೈಟ್, ಟೈಲ್ಸ್‌ಗೆ ಅಡ್ಡಿಯಿಲ್ಲ. ಶಹಾಬಾದ್ ಕಲ್ಲು, ಕಡಪ ಕಲ್ಲು, ಮಾರ್ಬಲ್ ಮೂರರಲ್ಲೂ ಸುಣ್ಣದ ಅಂಶವಿದೆ. ಆಮ್ಲ ಅದನ್ನು ತಿಂದು ಹೊಳಪು ಹೋಗುತ್ತದೆ, ಮತ್ತೆ ಪಾಲಿಶ್ ಮಾಡಿಸದೆ ಬರುವುದಿಲ್ಲ. ಕಲಬುರಗಿ ಕಡೆಯ ಹಳೆಯ ಮನೆಗಳವರು ಇದನ್ನು ಕೊಳ್ಳುವ ಮೊದಲು ನೆಲ ಯಾವುದೆಂದು ನೋಡಿಕೊಳ್ಳಿ. ಬ್ಲೀಚಿಂಗ್ ಪೌಡರ್ ಜೊತೆ ಇದನ್ನು ಎಂದೂ ಬೆರೆಸಬೇಡಿ, ಕ್ಲೋರಿನ್ ಅನಿಲ ಏಳುತ್ತದೆ. ಈ ಎಚ್ಚರಿಕೆಯನ್ನು ಬಾಟಲಿಯ ಮೇಲೆ ಅಚ್ಚು ಹಾಕಿದವರ ಸರಕನ್ನೇ ಆರಿಸಿ.