180 ರೂಪಾಯಿಯ ಮಾರ್ಟರ್: ಎಂಟು ವರ್ಷ ಬಳಸಿದ ಮೇಲೆ

ಈ ಮಾರ್ಟರ್, ಅಂದರೆ ಔಷಧಿ ಅರೆಯುವ ಬಟ್ಟಲು, ಕೊಂಡಿದ್ದು 2017ರ ಆಗಸ್ಟ್‌ನಲ್ಲಿ, ಬೆಳಗಾವಿಯ ಖಡೇಬಜಾರದಲ್ಲಿ. ಬಿ.ಫಾರ್ಮ್ ಮೊದಲ ಸೆಮಿಸ್ಟರ್. ಅಂಗಡಿಯವರು 220 ಹೇಳಿದರು, ಅಪ್ಪ ಚೌಕಾಶಿ ಮಾಡಿ 180ಕ್ಕೆ ಇಳಿಸಿದರು. ಬಿಳಿ ಪಿಂಗಾಣಿ, ಅರೆಯೋಕೆ ಕಟ್ಟಿಗೆ ಹಿಡಿಕೆಯ ಗುಂಡು, ಅದೇ ಪೆಸಲ್. ಅಳತೆ, ತೂಕ ಎಲ್ಲ ಬರೆಯೋದಿಲ್ಲ. ಫಾರ್ಮಸಿ ಓದಿದವರಿಗೆ ಇದು ಗೊತ್ತಿರುವ ಮುಖವೇ. ನಮ್ಮ ಅಜ್ಜಿ ನೋಡಿದ ಕೂಡಲೇ "ಇದು ಪಂಡಿತರ ಕಲ್ವ ಅಲ್ಲೇನ?" ಅಂದಿದ್ದಳು. ಅಷ್ಟೇ.

ಲ್ಯಾಬ್‌ನಲ್ಲೂ ಮಾರ್ಟರ್‌ಗಳಿದ್ದವು. ಆದರೆ ಒಳ್ಳೆಯವು ಬೇಗ ಬಂದವರ ಪಾಲಾಗುತ್ತಿದ್ದವು. ನಾನು ಯಾವತ್ತೂ ಬೇಗ ಬಂದವಳಲ್ಲ. ಅದಕ್ಕೇ ಸ್ವಂತದ್ದು.

ಈಗ ದೂರು. ಇದರ ಒಳಮೈ ವಿಪರೀತ ನುಣುಪು, ಗಾಜಿನ ಹಾಗೆ. ಅಂಗಡಿಯಲ್ಲಿ ಬೆರಳಾಡಿಸಿ "ಎಷ್ಟು ಚಂದ ಇದೆ" ಅಂತ ಖುಷಿಪಟ್ಟೆ. ಆ ನುಣುಪೇ ನನ್ನ ಮೊದಲ ವರ್ಷವನ್ನು ತಿಂದು ಹಾಕಿತು.

ಲಿಕ್ವಿಡ್ ಪ್ಯಾರಾಫಿನ್ ಎಮಲ್ಷನ್ ಮಾಡಿದವರಿಗೆ ಮುಂದಿನದು ಅರ್ಥವಾಗುತ್ತದೆ. ಲಿಕ್ವಿಡ್ ಪ್ಯಾರಾಫಿನ್ ಒಂದು ಖನಿಜ ಎಣ್ಣೆ; ಎಮಲ್ಷನ್ ಅಂದರೆ ಎಣ್ಣೆ, ನೀರು ಬೇರೆಯಾಗದ ಹಾಗೆ ಬೆರೆಸಿದ್ದು. ಎಣ್ಣೆ ಮೂರು ಭಾಗ, ನೀರು ಎರಡು, ಅಕೇಶಿಯಾ ಗಮ್ (ಮರದ ಅಂಟಿನ ಪುಡಿ) ಒಂದು. ಔಡಲೆಣ್ಣೆಯಂಥ ಎಣ್ಣೆಯಾದರೆ ನಾಲ್ಕು, ಎರಡು, ಒಂದು. 9 ಮಿಲಿ ಎಣ್ಣೆಗೆ 3 ಗ್ರಾಂ ಗಮ್ ಹಾಕಿ ಹಗುರಾಗಿ ಕಲಸಬೇಕು. ಆಮೇಲೆ 6 ಮಿಲಿ ನೀರನ್ನು ಒಂದೇ ಸಲಕ್ಕೆ ಸುರಿದು, ಒಂದೇ ದಿಕ್ಕಿಗೆ ಜೋರಾಗಿ ಅರೆಯಬೇಕು. ಸರಿಯಾಗಿ ಬಂದರೆ ಎರಡು-ಮೂರು ನಿಮಿಷದಲ್ಲಿ ಬೆಣ್ಣೆಯಂಥ ಬಿಳಿ ಕೆನೆ ಆಗುತ್ತದೆ. ಪೆಸಲ್ ತಿರುಗಿದ ಹಾಗೆಲ್ಲ 'ಚಟ್ ಚಟ್' ಅಂತ ಸದ್ದು ಬರುತ್ತದೆ. ಸರ್ ನೋಡೋದಕ್ಕಿಂತ ಜಾಸ್ತಿ ಕೇಳುತ್ತಿದ್ದರು. ಬೆನ್ನು ಮಾಡಿಕೊಂಡು ನಿಂತೇ ಯಾರದು ಆಯಿತು, ಯಾರದು ಇಲ್ಲ ಅಂತ ಹೇಳುತ್ತಿದ್ದರು.

ನನ್ನ ಮಾರ್ಟರ್ ಸದ್ದೇ ಮಾಡಲಿಲ್ಲ. ಎಣ್ಣೆಯನ್ನು ಸಣ್ಣ ಸಣ್ಣ ಹನಿಯಾಗಿ ಒಡೆಯಲು ಗೋಡೆ ಸ್ವಲ್ಪ ಒರಟಾಗಿರಬೇಕು. ಹನಿಯ ಸುತ್ತ ಗಮ್ ಪೊರೆ ಕಟ್ಟಬೇಕು. ಇದರಲ್ಲಿ ಪೆಸಲ್ ಜಾರುತ್ತಿತ್ತು, ಎಣ್ಣೆಯೂ ಜಾರುತ್ತಿತ್ತು. ಕೊನೆಗೆ ಮೇಲೆ ಎಣ್ಣೆ, ಕೆಳಗೆ ಗಮ್ಮಿನ ಗಂಜಿ. ಚೆಲ್ಲಿ ಮತ್ತೆ ಶುರು. ಗೆಳತಿಯರಿಗೆ ನಗು. "ಗೋಕಾಕದಾಕಿ ಆಗಿ ಅಂಟಿನ ಕೆಲಸ ಬರೂದಿಲ್ಲೇನ?" ಅಂತ ಕಾಡುತ್ತಿದ್ದರು. ನಮ್ಮ ಕರದಂಟಿಗೆ ಹಾಕೋದೂ ಅಂಟೇ, ಲ್ಯಾಬ್‌ನ ಅಕೇಶಿಯಾ ಗಮ್ ಕೂಡ ಜಾಲಿಯ ಬಳಗದ ಮರದ ಅಂಟೇ. ಮನೆಯಲ್ಲಿ ಅದನ್ನು ತುಪ್ಪದಲ್ಲಿ ಕರಿದರೆ ಹೂವಿನ ಹಾಗೆ ಅರಳುತ್ತದೆ. ಇಲ್ಲಿ ನನ್ನ ಮಾನ ತೆಗೆಯುತ್ತಿತ್ತು.

ಅದರ ಜೊತೆಗೆ ಬೆಳಗಾವಿಯ ಮಳೆ. ಈ ವಿಧಾನದಲ್ಲಿ ಮಾರ್ಟರ್ ಪೂರ್ತಿ ಒಣಗಿರಬೇಕು. ಎಣ್ಣೆಗಿಂತ ಮೊದಲು ಒಂದು ಹನಿ ನೀರು ಗಮ್ಮಿಗೆ ತಗುಲಿದರೂ ಗಂಟು ಗಂಟು. ಜುಲೈ-ಆಗಸ್ಟ್‌ನಲ್ಲಿ ಟಿಳಕವಾಡಿಯ ನನ್ನ ರೂಮಿನಲ್ಲಿ ಏಪ್ರನ್ನೇ ಮೂರು ದಿನ ಒಣಗುತ್ತಿರಲಿಲ್ಲ. ಹಾಗಾಗಿ ಪ್ರಾಕ್ಟಿಕಲ್‌ನ ಹಿಂದಿನ ರಾತ್ರಿ ಒಂದು ಪೂಜೆ ಇರುತ್ತಿತ್ತು. ಮೊದಲು ಕಡಲೆಹಿಟ್ಟು ಹಾಕಿ ಹಳೇ ಎಣ್ಣೆ ಜಿಡ್ಡನ್ನು ಒರೆಸಿ ತೆಗೆಯೋದು. ಆಮೇಲೆ ಬಿಸಿನೀರು. ಆಮೇಲೆ ಅವ್ವನ ಹಳೇ ಕಾಟನ್ ಸೀರೆಯ ತುಂಡು. ಕೊನೆಗೆ ಟೇಬಲ್ ಲ್ಯಾಂಪಿನ ಬಲ್ಬಿನ ಕೆಳಗೆ ಅದನ್ನಿಟ್ಟು, ಅದೇ ಬೆಳಕಿನಲ್ಲಿ ಜರ್ನಲ್ ಬರೆಯೋದು. ಜರ್ನಲ್ ಮುಗಿಯುವ ಹೊತ್ತಿಗೆ ಮಾರ್ಟರ್ ಬೆಚ್ಚಗಾಗಿರುತ್ತಿತ್ತು. ಬೆಳಿಗ್ಗೆ ಟವೆಲ್ಲಿನಲ್ಲಿ ಸುತ್ತಿ, ಸಿಟಿ ಬಸ್ಸಿನಲ್ಲಿ ಮಡಿಲಲ್ಲಿ ಇಟ್ಟುಕೊಂಡು ಹೋಗುತ್ತಿದ್ದೆ. ಒಮ್ಮೆ ಪಕ್ಕದ ಅಜ್ಜಿ "ಕೂಸೇನವಾ?" ಅಂತ ಕೇಳಿದ್ದರು. ಇಷ್ಟೆಲ್ಲ ಮಾಡಿಯೂ ಎಮಲ್ಷನ್ ಆಗದಿದ್ದರೆ ಸಿಟ್ಟು ಬರೋದಿಲ್ವಾ? ಆಗ ಯಾರಾದರೂ ಕೇಳಿದ್ದರೆ ಐದಕ್ಕೆ ಒಂದು ಅಂಕ ಕೊಡುತ್ತಿದ್ದೆ, ಅದೂ ಹಿಡಿಕೆಯ ಪಾಲಿಶ್‌ಗೆ.

ಎರಡನೇ ಸೆಮಿಸ್ಟರ್‌ನಲ್ಲಿ ಲ್ಯಾಬ್ ಅಟೆಂಡರ್ ಕಾಕಾ ಇದನ್ನು ಕೈಗೆ ತಗೊಂಡು, ಒಳಗೆ ಹೆಬ್ಬೆರಳಾಡಿಸಿ ನಕ್ಕರು. "ನಿಮ್ಮ ಮನ್ಯಾಗ ಬೀಸುಕಲ್ಲು ನುಣ್ಣಗಾದರ ಮುಳ್ಳ ಹಾಕಸೂದಿಲ್ಲೇನ? ಇದಕ್ಕೂ ಹಂಗ ಮಾಡಬೇಕವಾ." ಮರುದಿನ ಉದ್ಯಮಬಾಗದ ಒಂದು ವರ್ಕ್‌ಶಾಪಿನಿಂದ ಎಮರಿ ಪುಡಿ (ಲೋಹ ಉಜ್ಜುವ ತರಿ ಪುಡಿ) ತಂದುಕೊಟ್ಟರು, ಕಾಗದದ ಪೊಟ್ಟಣದಲ್ಲಿ. ಫೌಂಡ್ರಿಗಳ ಊರಿನಲ್ಲಿ ಇದ್ದದ್ದಕ್ಕೆ ಅದೊಂದು ಲಾಭ. ಪುಡಿಗೆ ನೀರು ಹಾಕಿ ದಿನಾ ಅರ್ಧ ಗಂಟೆ ಅರೆದೆ. ಕರ ಕರ ಸದ್ದಿಗೆ ರೂಮ್‌ಮೇಟ್ ಹೊರಗೆ ಹೋಗಿ ಓದುತ್ತಿದ್ದಳು. ನಾಲ್ಕನೇ ದಿನ ಹೊಳಪು ಹೋಗಿ ಒಳಗೆ ಮಬ್ಬು ಬಿಳಿ ಬಂತು, ಸ್ಲೇಟಿನ ಹಾಗೆ ತರಿತರಿ. ಕಪ್ಪು ಪುಡಿ ಪೂರ್ತಿ ಹೋಗುವ ತನಕ ಏಳೆಂಟು ಸಲ ತೊಳೆದೆ. ಮುಂದಿನ ಸಲ ನೀರು ಸುರಿದು ಅರೆಯತೊಡಗಿದೆ. ಚಟ್. ಚಟ್ ಚಟ್. ಸರ್ ಹಿಂತಿರುಗಿ ನೋಡಿದರು.

ಅಲ್ಲಿಂದ ಇದರ ಮೇಲಿನ ನನ್ನ ಸಿಟ್ಟು ಇಳಿಯಿತು ಅನ್ನಬೇಕು. ಉಳಿದ ಸೆಮಿಸ್ಟರ್‌ಗಳನ್ನು ಇದೇ ದಾಟಿಸಿತು. ಕ್ಯಾಲಮೈನ್ ಲೋಷನ್ ಮಾಡಿದ ದಿನ ಒಳಗೆಲ್ಲ ಗುಲಾಬಿ. ಎಲ್ಲಕ್ಕಿಂತ ಇಷ್ಟವಾಗಿದ್ದು ಕರ್ಪೂರ ಮತ್ತು ಮೆಂಥಾಲ್. ಎರಡೂ ಗಟ್ಟಿ, ಎರಡೂ ಒಣಗಿದವು. ಕೂಡಿಸಿ ಅರೆದರೆ ಕಣ್ಣೆದುರೇ ನೀರಾಗುತ್ತವೆ! ಯೂಟೆಕ್ಟಿಕ್ ಅಂತ ಜರ್ನಲ್‌ನಲ್ಲಿ ಬರೆದೆವು. ಅಜ್ಜಿಗೆ ಹೇಳಿದರೆ, "ಅದಕ್ಕ ಓಮದ ಹೂವೂ ಹಾಕು, ಅಮೃತಧಾರಾ ಆಗತೈತಿ" ಅಂದಳು. ಓಮದ ಹೂವು ಅಂದರೆ ಥೈಮಾಲ್. ಅದೂ ನಮ್ಮ ಪಟ್ಟಿಯಲ್ಲಿ ಇತ್ತು.

ಒರಟು ಮಾಡಿದ್ದಕ್ಕೆ ಒಂದು ತೊಂದರೆ ಉಂಟು, ಮುಚ್ಚಿಡೋದಿಲ್ಲ. ಬಣ್ಣ, ವಾಸನೆ ಬೇಗ ಬಿಡೋದಿಲ್ಲ. 2020ರ ಲಾಕ್‌ಡೌನ್‌ನಲ್ಲಿ ಮನೆಗೆ ತಂದಾಗ ಅವ್ವ ಇದರಲ್ಲಿ ಏಲಕ್ಕಿ ಕುಟ್ಟಲು ಹೊರಟಿದ್ದಳು. ಗಂಧಕದ ಮುಲಾಮು ಅರೆದದ್ದು ಅಂತ ಕಸಿದುಕೊಂಡೆ. ಔಷಧಿಯ ಮಾರ್ಟರ್ ಅಡುಗೆಮನೆಗೆ ಬರಬಾರದು. ಅವ್ವ ಎರಡು ದಿನ ಮಾತು ಬಿಟ್ಟಳು. ಆ ವರ್ಷದ ಪ್ರಾಕ್ಟಿಕಲ್‌ಗಳನ್ನು ಮೊಬೈಲಿನಲ್ಲಿ ನೋಡಿದ್ದು. ಸದ್ದು ಮ್ಯೂಟ್.

ಈಗ ಗೋಕಾಕದಲ್ಲೇ ಒಂದು ಮೆಡಿಕಲ್ ಶಾಪಿನಲ್ಲಿ ಫಾರ್ಮಸಿಸ್ಟ್ ಆಗಿದ್ದೇನೆ. ಕೈಯಾರೆ ಔಷಧಿ ಮಾಡೋದು ಅಂತ ಉಳಿದಿರೋದು ಒಂದೇ. ಮಕ್ಕಳ ಅಮಾಕ್ಸಿಸಿಲಿನ್ ಡ್ರೈ ಸಿರಪ್ಪಿಗೆ ಕಾಯಿಸಿ ಆರಿಸಿದ ನೀರನ್ನು ಗೆರೆಯ ತನಕ ಹಾಕಿ ಅಲ್ಲಾಡಿಸೋದು. ಅದನ್ನೂ ಮುಕ್ಕಾಲು ಮಂದಿ "ಮನ್ಯಾಗ ಮಾಡಕೋತೀವಿ ಬಿಡ್ರಿ" ಅನ್ನುತ್ತಾರೆ. ಬಾಟಲಿಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ನೊರೆ ಇಳಿಯಲು ಬಿಟ್ಟು, ಮತ್ತೆ ಗೆರೆ ನೋಡುವಾಗ ನಾಲ್ಕು ವರ್ಷದ ಅರೆತ ಎಲ್ಲಿ ಹೋಯಿತು ಅನ್ನಿಸುತ್ತದೆ. ಮಾರ್ಟರ್ ಕೌಂಟರಿನ ಹಿಂದಿನ ಕಪಾಟಿನಲ್ಲಿದೆ. ಒಳಗೆ ರಬ್ಬರ್ ಬ್ಯಾಂಡು, ಒಂದು ರೂಪಾಯಿ ಚಿಲ್ಲರೆ. ಮೂಗು ಹತ್ತಿರ ಒಯ್ದರೆ ಇನ್ನೂ ಕರ್ಪೂರ.

ಪೆಸಲ್‌ನ ಹಿಡಿಕೆ ಮೂರು ವರ್ಷದ ಹಿಂದೆ ಸಡಿಲವಾಯಿತು, ಫೆವಿಕಾಲ್ ಹಾಕಿ ಕೂರಿಸಿದ್ದೇನೆ. ಪಿಂಗಾಣಿಗೆ ಒಂದು ಬಿರುಕೂ ಇಲ್ಲ. ಈಗ ಐದಕ್ಕೆ ನಾಲ್ಕು. ಒಂದು ಅಂಕ ಆ ಎಮರಿ ಪುಡಿಗೆ ಹೋಗಬೇಕು.

ಈ ವರ್ಷ ನಮ್ಮ ಚಿಕ್ಕಪ್ಪನ ಮಗಳಿಗೆ ಬೆಳಗಾವಿಯಲ್ಲಿ ಬಿ.ಫಾರ್ಮ್ ಸೀಟು ಸಿಕ್ಕಿದೆ. "ಅಕ್ಕಾ, ನಿನ್ನ ಸಾಮಾನು ಕೊಡ" ಅಂತ ಬಂದಿದ್ದಳು. ತೂಕದ ಬಟ್ಟಿನ ಡಬ್ಬಿ ಕೊಟ್ಟೆ, ಸ್ಪ್ಯಾಚುಲಾ ಕೊಟ್ಟೆ, ಆ್ಯಸಿಡ್ ತೂತಿನ ಏಪ್ರನ್ ಕೂಡ ಕೊಟ್ಟೆ. ಮಾರ್ಟರ್ ಮಾತ್ರ ಖಡೇಬಜಾರದಲ್ಲಿ ಕೊಂಡುಕೋ ಅಂದೆ. ದುಡ್ಡು ಕೊಡುವ ಮೊದಲು ಒಳಗೆ ಬೆರಳಾಡಿಸು, ಜಾರಿದರೆ ಬೇರೆಯದು ತೋರಿಸೋಕೆ ಹೇಳು.