ಸತ್ತ ಆರ್‌ಎಕ್ಸ್ 580 ಬದುಕಿಸೋದು: ಸ್ವಿಚ್ಚೋ, ಎರಡನೇ ಕಾರ್ಡೋ, ಕ್ಲಿಪ್ಪೋ?

ಒಂದೇ ಗ್ರಾಫಿಕ್ಸ್ ಕಾರ್ಡನ್ನು ಎರಡು ಸಲ ಕೊಂದವನು ನಾನು. ಹಾಗಾಗಿ ಅದನ್ನು ಬದುಕಿಸುವ ದಾರಿಗಳಲ್ಲಿ ಯಾವುದು ವಾಸಿ ಅಂತ ಹೇಳುವ ಅನುಭವ ಸ್ವಲ್ಪ ಇದೆ.

ಕಾರ್ಡ್ ಎಎಂಡಿಯ ಆರ್‌ಎಕ್ಸ್ 580, 8 ಜಿಬಿ. 2022ರ ಸೆಪ್ಟೆಂಬರ್‌ನಲ್ಲಿ ಇಥೀರಿಯಂ ಮೈನಿಂಗ್ (ಗ್ರಾಫಿಕ್ಸ್ ಕಾರ್ಡ್ ಓಡಿಸಿ ಕ್ರಿಪ್ಟೊ ದುಡ್ಡು ಗಳಿಸೋದು) ನಿಂತುಹೋಯಿತಲ್ಲ, ಆಮೇಲೆ ಇಂಥ ಕಾರ್ಡ್‌ಗಳು ಸಿಕ್ಕಿದ ಬೆಲೆಗೆ ಮಾರಾಟಕ್ಕೆ ಬಂದವು. ನನ್ನದೂ ಹಾಗೇ ಮನೆಗೆ ಬಂತು. ಹಳೆ ಮಾಲೀಕ ಮೈನಿಂಗ್‌ಗೋಸ್ಕರ ಬಯೋಸ್, ಅಂದರೆ ಕಾರ್ಡಿನ ಚಿಪ್ಪಿನಲ್ಲಿ ಕೂತು ಅದನ್ನು ಎಬ್ಬಿಸುವ ಪ್ರೋಗ್ರಾಂ, ತಿದ್ದಿದ್ದ. ತಿದ್ದಿದ ಬಯೋಸ್ ಇದ್ದರೆ ವಿಂಡೋಸ್‌ನಲ್ಲಿ ಎಎಂಡಿ ಡ್ರೈವರ್ ಸುಲಭಕ್ಕೆ ಒಪ್ಪಲ್ಲ. ಮೂಲ ಬಯೋಸ್ ಹಾಕಿಬಿಡೋಣ ಅಂತ ಒಂದು ಭಾನುವಾರ ಕೂತೆ. ಪುಣ್ಯಕ್ಕೆ ಮೊದಲು ಜಿಪಿಯು-ಝಡ್ ಅನ್ನುವ ತಂತ್ರಾಂಶದಲ್ಲಿ ಹಳೆಯದರ ಪ್ರತಿ ಉಳಿಸಿಕೊಂಡಿದ್ದೆ. ಆ ಪ್ರತಿ ಇರದಿದ್ದರೆ ಮುಂದಿನ ಕಥೆಯೇ ಇರುತ್ತಿರಲಿಲ್ಲ.

ಮಾಡಿದ ತಪ್ಪು ಸಣ್ಣದು. ಇಳಿಸಿಕೊಂಡ ಫೈಲು ಸ್ಯಾಮ್‌ಸಂಗ್ ಮೆಮೊರಿ ಇರುವ ಕಾರ್ಡಿನದು, ನನ್ನ ಕಾರ್ಡಿನಲ್ಲಿ ಇದ್ದದ್ದು ಹೈನಿಕ್ಸ್ ಕಂಪನಿಯದು. ಮೆಮೊರಿಯ ಟೈಮಿಂಗ್ ಎಲ್ಲ ಬಯೋಸ್ ಒಳಗೇ ಇರುತ್ತದೆ. ರೀಸ್ಟಾರ್ಟ್ ಮಾಡಿದರೆ ಪರದೆ ತುಂಬ ಬಣ್ಣದ ಚೌಕಗಳು, ಆಮೇಲೆ ಕಪ್ಪು.

ಇಂಥ ಸಾವಿಗೆ ಎರಡನೇ ಕಾರ್ಡೇ ಸಾಕು. ಪ್ರೊಸೆಸರ್‌ನಲ್ಲೇ ಗ್ರಾಫಿಕ್ಸ್ ಇದ್ದವರಿಗೆ ಅದೂ ಬೇಡ. ನನ್ನದು ರೈಜನ್ 5 3600, ಅದರಲ್ಲಿ ಗ್ರಾಫಿಕ್ಸ್ ಇಲ್ಲ. ಅಟ್ಟದ ಮೇಲಿದ್ದ ಹಳೆ ಜಿಟಿ 710 ಇಳಿಸಿದೆ. ಅದನ್ನು ಕೆಳಗಿನ ಸ್ಲಾಟಿಗೆ ಹಾಕಿದಾಗ ಪರದೆ ಕಪ್ಪಾಗೇ ಉಳಿಯಿತು. ಮದರ್‌ಬೋರ್ಡ್ ಮೊದಲ ಸ್ಲಾಟಿನ ಸತ್ತ ಕಾರ್ಡನ್ನೇ ನಂಬಿಕೊಂಡು ಕೂತಿತ್ತು. 710 ಮೇಲಕ್ಕೆ, 580 ಕೆಳಕ್ಕೆ ಅದಲುಬದಲು ಮಾಡಿ, 8 ಪಿನ್ ಪವರ್ ಕೇಬಲ್ ಕೂಡ ಚುಚ್ಚಿದ ಮೇಲೆ ವಿಂಡೋಸ್ ಬಂತು. ಬಯೋಸ್ ಬರೆಯುವ ತಂತ್ರಾಂಶ ಎಎಂಡಿ ವಿಬಿ ಫ್ಲ್ಯಾಶ್ ತೆರೆದರೆ ಕಾರ್ಡ್ ಪಟ್ಟಿಯಲ್ಲಿ ಕಾಣಿಸಿತು. ಹಳೆ ಪ್ರತಿ ಬರೆದೆ, ಅಷ್ಟೇ. ಖರ್ಚು ಸೊನ್ನೆ, ಅಪಾಯವೂ ಕಡಿಮೆ. ಆದರೆ ಒಂದು ಷರತ್ತು: ಸತ್ತ ಕಾರ್ಡ್ ಕಂಪ್ಯೂಟರಿನ ಕಣ್ಣಿಗಾದರೂ ಬೀಳಬೇಕು.

ಎರಡನೇ ಸಲ ಅದೂ ಬೀಳಲಿಲ್ಲ. ಈ ಸಲ ಸರಿಯಾದ ಫೈಲೇ ಹಿಡಿದಿದ್ದೆ. ಬರೆಯುವಾಗ ಹೊರಗೆ ಮೇ ತಿಂಗಳ ಮಳೆ, ಗುಡುಗು, ಕರೆಂಟ್ ಹೋಯಿತು. ಯುಪಿಎಸ್ ಇತ್ತು, ಬ್ಯಾಟರಿ ಯಾವತ್ತೋ ಸತ್ತಿತ್ತು. ಅದಾದ ಮೇಲೆ ಈ ಕಾರ್ಡ್ ಯಾವ ಸ್ಲಾಟಿನಲ್ಲಿದ್ದರೂ ಬೋರ್ಡ್ ಮುಂದೆ ಹೋಗುತ್ತಿರಲಿಲ್ಲ.

ಆಗ ಹಿಡಿದದ್ದು ಪಿನ್ ಶಾರ್ಟ್ ಮಾಡುವ ಉಪಾಯ. ಬಯೋಸ್ ಚಿಪ್‌ಗೆ ಎಂಟು ಕಾಲು. ಚುಕ್ಕೆ ಇರುವುದು 1ನೇ ಪಿನ್, ಅದರ ಎದುರಿಗೇ 8. ಎಂಟರಲ್ಲಿ ಪವರ್ ಬರುತ್ತದೆ, ಚಿಪ್ಪನ್ನು ಮಾತಾಡಿಸಬೇಕೋ ಬೇಡವೋ ಅನ್ನುವುದು ಒಂದನೇ ಪಿನ್ನಿನ ಕೆಲಸ. ಎರಡನ್ನೂ ಸೇರಿಸಿ ಹಿಡಿದರೆ ಚಿಪ್ ಬಾಯಿ ಮುಚ್ಚಿಕೊಳ್ಳುತ್ತದೆ. ಕೆಟ್ಟ ಬಯೋಸ್ ಓದದೆ ಕಂಪ್ಯೂಟರ್ ಏಳುತ್ತದೆ. ಎದ್ದ ಮೇಲೆ ಬಿಟ್ಟು, ಬರೆಯಬೇಕು.

ಓದೋಕೆ ಸುಲಭ. ನನ್ನ ಕಾರ್ಡಿನಲ್ಲಿ ಚಿಪ್ ಇದ್ದದ್ದು ಹಿಂಬದಿ, ಬ್ಯಾಕ್‌ಪ್ಲೇಟ್ ಕೆಳಗೆ. ಪ್ಲೇಟ್ ಬಿಚ್ಚಿ ಕಾರ್ಡನ್ನು ಮತ್ತೆ ಸ್ಲಾಟಿಗೆ ಹಾಕಿದೆ. ಮೇಲೆ 710, ಕೆಳಗೆ 580, ನಡುವೆ ಎರಡು ಬೆರಳಿನಷ್ಟು ಜಾಗ. ಅಲ್ಲಿಗೆ ಚಿಮ್ಟ ತೂರಿಸಿ, ಅಕ್ಕಿಕಾಳಿಗಿಂತ ಸಣ್ಣ ಕಾಲುಗಳ ಮೇಲೆ ಅಲುಗಾಡದೆ ಹಿಡಿಯಬೇಕು. ಪವರ್ ಬಟನ್ ಒತ್ತೋಕೆ, ಟಾರ್ಚ್ ಹಿಡಿಯೋಕೆ ಹೆಂಡತಿ. ‘ರೀ, ಇನ್ನೂ ಎಷ್ಟು ಹೊತ್ತು? ಕುಕ್ಕರ್ ಇಟ್ಟಿದ್ದೀನಿ’ ಅಂದಳು. ಎರಡು ಸಲ ಕೈ ಜಾರಿತು. ಮೂರನೇ ಸಲ ವಿಂಡೋಸ್ ಬಂತು, ಕಾರ್ಡೂ ಕಂಡಿತು. ಬರೆಯೋಕೆ ಹೋದರೆ ನಡುವೆ ದೋಷ ತೋರಿಸಿ ನಿಂತಿತು. ಬೇರೆಯವರಿಗೆ ಇದು ಫಲಿಸಿದೆ, ಗೊತ್ತು. ಆದರೆ ಪವರ್ ಆನ್ ಇರುವ ಬೋರ್ಡಿನೊಳಗೆ ಲೋಹದ ಚಿಮ್ಟ ಹಿಡಿದು ಕೂರೋದು ನನ್ನ ಎದೆಗೆ ಒಗ್ಗಲಿಲ್ಲ.

ಮರುದಿನ ವಿಜಯನಗರದಲ್ಲಿ ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ಲೈನ್ ಬದಲಿಸಿ, ಕೆಆರ್ ಮಾರ್ಕೆಟ್‌ನಲ್ಲಿ ಇಳಿದು ಎಸ್‌ಪಿ ರೋಡಿಗೆ ನಡೆದೆ. ರಿಪೇರಿ ಅಂಗಡಿಯಲ್ಲಿ ವಿಚಾರಿಸಿದೆ. ‘ಚಿಪ್ ಬಿಚ್ಚಿ, ಬರೆದು, ಮತ್ತೆ ಕೂರಿಸಿ ಕೊಡ್ತೀವಿ ಸಾರ್, 1,800 ಆಗುತ್ತೆ, ಮೂರು ದಿನ ಬಿಟ್ಟು ಬನ್ನಿ’ ಅಂದರು. ಕೇಳಿದ ದುಡ್ಡು ಅನ್ಯಾಯ ಅನ್ನಲ್ಲ, ಬಿಸಿಗಾಳಿಯಲ್ಲಿ ಚಿಪ್ ಎಬ್ಬಿಸೋದು ಕಸುಬಿನ ಕೆಲಸ. ಆದರೆ ಅದೇ ಸಾಲಿನ ಇನ್ನೊಂದು ಅಂಗಡಿಯಲ್ಲಿ ಸಿಎಚ್341ಎ ಪ್ರೋಗ್ರಾಮರ್ (ಚಿಪ್ಪಿಗೆ ನೇರ ಬರೆಯುವ ಸಣ್ಣ ಬೋರ್ಡು), ಚಿಪ್ಪಿನ ಕಾಲುಗಳನ್ನು ಕಚ್ಚಿಕೊಳ್ಳುವ ಕ್ಲಿಪ್ ಸೇರಿ 450ಕ್ಕೆ ಸಿಕ್ಕಿತು. ತಗೊಂಡು ಬಂದೆ.

ಇದರ ದೊಡ್ಡ ಸುಖ ಅಂದರೆ ಕಾರ್ಡ್ ಊಟದ ಮೇಜಿನ ಮೇಲೆ ಸುಮ್ನೆ ಮಲಗಿರುತ್ತದೆ. ಕಂಪ್ಯೂಟರಿಗೆ ಅದು ಕಾಣುತ್ತದೋ ಇಲ್ಲವೋ ಅನ್ನುವ ಪ್ರಶ್ನೆಯೇ ಇಲ್ಲ. ಕ್ಲಿಪ್ಪಿನ ಕೆಂಪು ತಂತಿ ಚುಕ್ಕೆಯ ಕಡೆಗೆ, ಇನ್ನೊಂದು ತುದಿ ಲ್ಯಾಪ್‌ಟಾಪಿಗೆ. ಕಷ್ಟ ಏನಿದ್ದರೂ ಕ್ಲಿಪ್ಪಿನದೇ. ಅಗ್ಗದ ಕ್ಲಿಪ್, ಉಸಿರು ಬಿಟ್ಟರೆ ಕಳಚಿಕೊಳ್ಳುತ್ತದೆ. ಮೊದಲು ಓದಿದಾಗ ಫೈಲಿನ ತುಂಬ ಬರೀ ಎಫ್‌ಎಫ್, ಅಂದರೆ ಖಾಲಿ ಜಾಗದ ಗುರುತು. ಎಲ್ಲ ಅಳಿಸಿಹೋಗಿದೆ ಅಂತ ಗಾಬರಿಯಾದೆ. ನೋಡಿದರೆ ಒಂದು ಕಾಲು ತಾಗಿಯೇ ಇರಲಿಲ್ಲ. ಸರಿಯಾಗಿ ಕೂರಿಸಿ ಎರಡು ಸಲ ಓದಿ, ಎರಡೂ ಫೈಲು ಒಂದೇ ಇವೆ ಅಂತ ಖಾತ್ರಿ ಮಾಡಿಕೊಂಡೆ. ಈಗ ಶುರುವಿನಲ್ಲಿ 55 ಎಎ ಕಂಡಿತು, ಬಯೋಸ್ ಅಂದರೆ ಹೀಗೇ ಶುರುವಾಗಬೇಕು. ಕೆಳಗೆ ಸರಿಯುತ್ತ ಹೋದೆ. ಸ್ವಲ್ಪ ದೂರ ಅಕ್ಷರ ಅಂಕಿಗಳ ಜಾತ್ರೆ, ಅಲ್ಲಿಂದ ಮುಂದೆ ಸಾಲುಸಾಲು ಎಫ್‌ಎಫ್. ಕರೆಂಟ್ ಹೋದ ಜಾಗ ಬೆರಳಿಟ್ಟು ತೋರಿಸಬಹುದಿತ್ತು.

ಬರೆಯೋಕೆ ಹೋದರೆ ಫ್ಲ್ಯಾಶ್‌ರಾಮ್ ಅನ್ನುವ ತಂತ್ರಾಂಶ ಒಪ್ಪಲಿಲ್ಲ. ನನ್ನ ಫೈಲು 256 ಕೆಬಿ, ಚಿಪ್ 512. ಎರಡೂ ಒಂದೇ ಅಳತೆ ಇರಬೇಕು ಅಂತ ಅದರ ಹಟ. ಉಳಿದ ಜಾಗಕ್ಕೆ ಎಫ್‌ಎಫ್ ತುಂಬಿಸಿ ಕೊಟ್ಟ ಮೇಲೆ ಬರೆಯಿತು, ತಾನೇ ತಾಳೆ ನೋಡಿ ಸರಿಯಿದೆ ಅಂದಿತು. ರಾತ್ರಿ ಹನ್ನೊಂದಕ್ಕೆ ಪರದೆ ಬಂತು.

ಒಂದು ಎಚ್ಚರಿಕೆ ಇದೆ. ಈ ಕಪ್ಪು ಬಣ್ಣದ ಪ್ರೋಗ್ರಾಮರ್ ಬೋರ್ಡು ಚಿಪ್ಪಿಗೆ 3.3 ವೋಲ್ಟ್ ಕೊಟ್ಟರೂ ಡೇಟಾ ಪಿನ್‌ಗಳಲ್ಲಿ 5ರ ಹತ್ತಿರ ಇರುತ್ತದೆ, ಮಲ್ಟಿಮೀಟರ್ ಇಟ್ಟು ನೋಡಿದ್ದೇನೆ. ನನ್ನ ಚಿಪ್ ತಡೆದುಕೊಂಡಿತು. ಅದನ್ನೇ ಸಲಹೆ ಅಂತ ತಗೋಬೇಡಿ. ವೋಲ್ಟೇಜ್ ಬದಲಿಸುವ ಸ್ವಿಚ್ ಇರುವ ಹೊಸ ಬೋರ್ಡ್ ಸಿಕ್ಕರೆ ಅದನ್ನೇ ತಗೊಳ್ಳಿ.

ಇನ್ನು ಡ್ಯುಯಲ್ ಬಯೋಸ್ ಸ್ವಿಚ್, ಅಂದರೆ ಕಾರ್ಡಿನಲ್ಲಿರುವ ಎರಡು ಬಯೋಸ್‌ಗಳಲ್ಲಿ ಯಾವುದು ಓಡಬೇಕು ಅಂತ ಆರಿಸುವ ಸ್ವಿಚ್. ನನ್ನ ಕಾರ್ಡಿನಲ್ಲಿ ಇಲ್ಲ, ಭಾಮೈದನ ಕಾರ್ಡಿನಲ್ಲಿದೆ. ಅವನೂ ನನ್ನನ್ನು ನೋಡಿ ಕೈಯಾಡಿಸಿ ‘ಭಾವ, ಎಲ್ಲ ಕಪ್ಪಾಯ್ತು’ ಅಂತ ಫೋನ್ ಮಾಡಿದ. ಪವರ್ ತೆಗೆದು ಕಾರ್ಡಿನ ಅಂಚಿನ ಆ ಸಣ್ಣ ಸ್ವಿಚ್ ಆ ಕಡೆಗೆ ತಳ್ಳು ಅಂದೆ, ಎದ್ದಿತು. ವಿಂಡೋಸ್ ಬಂದ ಮೇಲೆ ಸ್ವಿಚ್ ವಾಪಸ್ ತಳ್ಳಿ ಬರೆದರೆ ಕೆಟ್ಟ ಬಯೋಸ್ ರಿಪೇರಿ. ಅವನು ವಾಪಸ್ ತಳ್ಳೋದು ಮರೆತು ಒಳ್ಳೆಯದರ ಮೇಲೇ ಬರೆಯೋಕೆ ಹೊರಟಿದ್ದ, ಫೋನಿನಲ್ಲೇ ತಡೆದೆ. ಹತ್ತು ನಿಮಿಷದ ಕೆಲಸ. ಇದಕ್ಕೆ ಸಾಟಿ ಇಲ್ಲ, ಬಿಡಿ. ಸೆಕೆಂಡ್ ಹ್ಯಾಂಡ್ ಕಾರ್ಡ್ ಕೊಳ್ಳುವಾಗ ಐನೂರು ಜಾಸ್ತಿಯಾದರೂ ಸ್ವಿಚ್ ಇರುವುದನ್ನೇ ಕೊಳ್ಳುತ್ತೇನೆ ಇನ್ನು. ಸ್ವಿಚ್ ಇಲ್ಲ, ಕಾರ್ಡ್ ಕಾಣುತ್ತಿದೆ ಅಂದರೆ ಎರಡನೇ ಕಾರ್ಡ್. ಕಾಣುತ್ತಲೂ ಇಲ್ಲ ಅಂದರೆ ನೇರ ಕ್ಲಿಪ್ಪಿಗೆ ಹೋಗಿ, ಚಿಮ್ಟ ಅಡುಗೆಮನೆಯಲ್ಲೇ ಇರಲಿ.

ಪ್ರೋಗ್ರಾಮರ್ ಈಗ ಟೇಬಲ್ ಡ್ರಾದಲ್ಲಿದೆ. ಮೊನ್ನೆ ಭಾಮೈದ ಗೆಳೆಯನ ಹೊಸ ಕಾರ್ಡಿಗೆ ಬೇಕು ಅಂತ ಕೇಳಿದ. ಮೊದಲು ಚಿಪ್ಪಿನ ಮೇಲಿನ ಹೆಸರಿನ ಫೋಟೊ ಕಳಿಸು ಅಂದೆ. ವಿನ್‌ಬಾಂಡ್ ಚಿಪ್, ಹೆಸರಿನಲ್ಲಿ ಇಡಬ್ಲ್ಯು ಅಂತಿತ್ತು, ಅಂದರೆ 1.8 ವೋಲ್ಟಿನದು. ವೋಲ್ಟೇಜ್ ಇಳಿಸುವ ಅಡಾಪ್ಟರ್ ತರುವವರೆಗೆ ಮುಟ್ಟಬೇಡ ಅಂತ ಹೇಳಿದ್ದೇನೆ.