ಶಿಮಾನೊ ಎಂ520 ಪೆಡಲ್: ಉಪ್ಪುಗಾಳಿ ಊರಿಗೆ ಸೈ, ಆದ್ರೆ ಬಿಚ್ಚಿ ಗ್ರೀಸ್ ಮಾಡೋರಿಗೆ

ಕಾರವಾರ, ಅಂಕೋಲಾ, ಕುಮಟಾ ಕಡೆ ಇದ್ಕೊಂಡು ಕ್ಲಿಪ್‌ಲೆಸ್ ಪೆಡಲ್ (ಶೂ ಅಡಿ ಲಾಕ್ ಆಗಿ ಕೂರೋ ಪೆಡಲ್) ತಗೋಬೇಕು ಅಂತಿರೋರಿಗೆ ಮೊದಲೇ ಹೇಳ್ಬಿಡ್ತೀನಿ, ಎಷ್ಟು ಹಗುರ ಎಷ್ಟು ಚಂದ ಅಂತ ನೋಡ್ಬೇಡಿ, ಮನೇಲಿ ಕೂತು ಬಿಚ್ಚೋಕಾಗುತ್ತಾ ಅಂತ ನೋಡಿ. ನಮ್ಮ ಕಡೆ ಪೆಡಲ್ ಸವೆಯೋದು ತುಳಿದು ತುಳಿದು ಅಲ್ಲ, ಒಳಗೆ ನೀರು ಹೋಗಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆ, ಅದು ಮುಗಿದ್ರೆ ಸಮುದ್ರದ ಗಾಳಿ, ಹೈವೇ 66 ಕಾರವಾರದಲ್ಲಿ ಊರೊಳಗೆ ಬೀಚ್ ಪಕ್ಕಕ್ಕೇ ಹೋಗುತ್ತೆ, ಸೈಕಲ್ ಮನೇಲಿ ನಿಲ್ಲಿಸಿಟ್ರೂ ಬೋಲ್ಟ್ ತಲೆಗೆಲ್ಲ ತುಕ್ಕು ಬರೋ ಊರು ಇದು.

ನಾನು ಬಳಸ್ತಿರೋದು ಶಿಮಾನೊ ಎಂ520, ಎರಡೂ ಕಡೆ ಕ್ಲಿಪ್ ಆಗೋ ಎಸ್‌ಪಿಡಿ (ಶೂ ಲಾಕ್ ಮಾಡೋ ಶಿಮಾನೊ ಪದ್ಧತಿ) ಪೆಡಲ್. ಜೋಡಿ ಸುಮಾರು 380 ಗ್ರಾಂ, ಹಗುರ ಏನಲ್ಲ, ಜೊತೆಗೆ ಎಸ್‌ಎಚ್51 ಕ್ಲೀಟ್ (ಶೂ ಅಡಿಗೆ ಬೋಲ್ಟ್ ಮಾಡೋ ಲೋಹದ ತುಂಡು) ಬರುತ್ತೆ, ಸ್ಪ್ರಿಂಗ್ ಬಿಗಿ 3 ಎಂಎಂ ಅಲೆನ್ ಕೀಯಿಂದ ಅಡ್ಜಸ್ಟ್ ಆಗುತ್ತೆ. ಶಿಮಾನೊದವ್ರು ಎಸ್‌ಪಿಡಿ ತಂದಿದ್ದು 1990ರಲ್ಲಿ, ಮೂಲ ಲೆಕ್ಕಾಚಾರ ಇವತ್ತಿಗೂ ಹೆಚ್ಚು ಬದಲಾಗಿಲ್ಲ, ಅದು ಒಳ್ಳೇದೇ ಆಯ್ತು. ಕ್ಲಿಪ್ ಆಗೋದು ಬಿಡೋದು ಇವೆಲ್ಲದರಲ್ಲಿ ನಂಗೆ ಯಾವ ತಕರಾರೂ ಇಲ್ಲ, ಅದರ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ನಾನು ಬರೀಬೇಕು ಅಂದ್ಕೊಂಡಿದ್ದು ಒಳಗಿನ ಬೇರಿಂಗ್ ವಿಷಯ.

ಇದ್ರಲ್ಲಿ ಆಕ್ಸಲ್ (ನಡುವಿನ ಅಚ್ಚು), ಬಾಲ್ಸ್ (ಬೇರಿಂಗ್ ಗುಂಡು), ಕೋನ್ (ಗುಂಡುಗಳನ್ನ ಒತ್ತಿ ಹಿಡಿಯೋ ನಟ್) ಎಲ್ಲ ಸೇರಿ ಒಂದೇ ತುಂಡಾಗಿ ಪೆಡಲ್ ಬಾಡಿಯಿಂದ ತಿರುಗಿಸಿ ಹೊರಗೆ ತೆಗೀಬಹುದು. ಅದಕ್ಕೆ ಟಿಎಲ್-ಪಿಡಿ40 ಅಂತ ಒಂದು ಪ್ಲಾಸ್ಟಿಕ್ ಟೂಲ್ ಬೇಕು, ಅದನ್ನ ಪೆಡಲ್ ಆರ್ಡರ್ ಮಾಡುವಾಗಲೇ ತರಿಸ್ಕೊಳ್ಳಿ. ಅದಿಲ್ದೆ ಇಕ್ಕಳ ಹಾಕಿ ತಿರುಗಿಸೋಕೆ ಹೋದ್ರೆ ಆಕ್ಸಲನ್ನ ಬಾಡಿ ಒಳಗೆ ಹಿಡಿದಿಟ್ಟಿರೋ ಪ್ಲಾಸ್ಟಿಕ್ ಕಾಲರಿನ ಹಲ್ಲು ಸವೆದುಹೋಗುತ್ತೆ, ಆಮೇಲೆ ಆ ಪೆಡಲ್ ಬಿಚ್ಚೋಕೇ ಆಗಲ್ಲ. ಈ ಕಾಲರ್ ಪ್ಲಾಸ್ಟಿಕ್ ಆಗಿರೋದು ನಂಗೆ ಇಷ್ಟ ಇಲ್ಲ, ಇಷ್ಟು ಗಟ್ಟಿ ಪೆಡಲ್‌ಗೆ ಇದೊಂದನ್ನ ಲೋಹದಲ್ಲಿ ಮಾಡ್ಬೇಕಿತ್ತು.

ಗ್ರೀಸ್ ಬೇಕಾಗಿದೆ ಅಂತ ಗೊತ್ತಾಗೋದು ಹೇಗೆ? ಪೆಡಲನ್ನ ಕ್ರ್ಯಾಂಕಿಂದ (ಪೆಡಲ್ ಕೂರೋ ತೋಳು) ಬಿಚ್ಚಿ ಆಕ್ಸಲ್ ಬೆರಳಲ್ಲಿ ಹಿಡಿದು ತಿರುಗಿಸಿ. ತುಂಬಾ ಜನ ಗಿರಗಿರ ಅಂತ ಸುತ್ತಿದ್ರೆ ಪೆಡಲ್ ಚೆನ್ನಾಗಿದೆ ಅಂತಾರೆ, ಅದು ಉಲ್ಟಾ. ಹೊಸ ಪೆಡಲ್ ಗ್ರೀಸ್ ಹಿಡ್ಕೊಂಡು ನಿಧಾನಕ್ಕೆ ತಿರುಗುತ್ತೆ, ಹಳೇದು ಗಾಳಿಗೆ ಸುತ್ತೋ ಹಾಗಿದ್ರೆ ಒಳಗೆ ಗ್ರೀಸ್ ಖಾಲಿ ಅಂತ ಅರ್ಥ. ಬೆರಳಿಗೆ ಕರಕರ ಅಂತ ಸಿಕ್ಕಿದ್ರೆ ತುಕ್ಕು ಅಥವಾ ಮಣ್ಣು. ಆಕಡೆ ಈಕಡೆ ಅಲ್ಲಾಡಿಸಿದಾಗ ಟಕ್ ಟಕ್ ಅಂದ್ರೆ ಕೋನ್ ಲೂಸ್. ಮಳೆ ಮುಗಿದ್ಮೇಲೆ ನಾನು ಬಿಚ್ಚಿದಾಗ ಒಳಗಿನ ಗ್ರೀಸ್ ಹಾಲು ಜಾಸ್ತಿ ಬಿದ್ದ ಚಾ ಬಣ್ಣಕ್ಕೆ ಬಂದಿತ್ತು, ನೀರು ಸೇರಿ ಕಲಸಿಹೋಗಿದೆ ಅಂತ ನೋಡಿದ ತಕ್ಷಣ ಗೊತ್ತಾಗುತ್ತೆ. ಸಿರ್ಸಿ ಕಡೆ ದೇವಿಮನೆ ಘಟ್ಟ ಹತ್ತಿ ಇಳಿಯೋ ಗೆಳೆಯನ ಪೆಡಲ್ ಒಂದ್ಸಲ ಬಿಚ್ಚಿದ್ವಿ, ಅದ್ರಲ್ಲಿ ಕೆಂಪು ಮಣ್ಣಿನ ನೀರು ಒಣಗಿ ಅಂಟಿತ್ತು, ಉಪ್ಪಿನ ತುಕ್ಕು ಮಾತ್ರ ಇರ್ಲಿಲ್ಲ. ಘಟ್ಟದ ಮೇಲೆ ಮಣ್ಣಿನ ಕಾಟ, ಕೆಳಗೆ ಉಪ್ಪಿನ ಕಾಟ.

ಬಿಚ್ಚುವಾಗ ತಲೆ ಕೆಡೋದು ಥ್ರೆಡ್ ದಿಕ್ಕಲ್ಲಿ. ಕ್ರ್ಯಾಂಕಿಗೆ ಕೂರೋ ಥ್ರೆಡ್ಡು ಎಡಗಡೆ ಪೆಡಲ್‌ದು ಉಲ್ಟಾ, ಬಲಗಡೆದು ಸೀದಾ, ಇದು ಎಲ್ಲರಿಗೂ ಗೊತ್ತು. ಆದ್ರೆ ಪೆಡಲ್ ಬಾಡಿ ಒಳಗಿನ ಕಾಲರ್ ಇದಕ್ಕೆ ಪೂರ್ತಿ ತದ್ವಿರುದ್ಧ, ಬಲಗಡೆ ಪೆಡಲ್‌ದು ಉಲ್ಟಾ ಥ್ರೆಡ್, ಎಡಗಡೆದು ಸೀದಾ. ಅಂದ್ರೆ ಬಲ ಪೆಡಲ್ಲನ್ನ ಆಕ್ಸಲ್ ನಿಮ್ಮ ಕಡೆ ಮಾಡಿ ಹಿಡಿದ್ರೆ ಕಾಲರ್ ಗಡಿಯಾರದ ದಿಕ್ಕಲ್ಲಿ ತಿರುಗಿಸಿದಾಗ ಬಿಚ್ಚುತ್ತೆ. ಕಾಲರ್ ಮೇಲೆ ಬಿಗಿ ಮಾಡೋ ದಿಕ್ಕಿಗೆ ಬಾಣದ ಗುರುತು ಇರುತ್ತೆ, ಮೊದ್ಲು ಒರೆಸಿ ಅದನ್ನ ನೋಡಿ, ಆಮೇಲೆ ಜೋರು ಹಾಕಿ. ಟೂಲನ್ನ ದೊಡ್ಡ ಅಡ್ಜಸ್ಟೆಬಲ್ ಪಾನಾದಲ್ಲಿ ಇಲ್ಲಾ ವೈಸ್‌ನಲ್ಲಿ ಹಿಡ್ಕೊಂಡು ಪೆಡಲ್ ಬಾಡಿ ತಿರುಗಿಸಿದ್ರೆ ಸುಲಭ.

ಇನ್ನು ಗ್ರೀಸ್. ಕಂಪನಿ ಗ್ರೀಸ್ ಪುಟ್ಟ ಟ್ಯೂಬಿಗೆ ಬೆಲೆ ಜಾಸ್ತಿ, ಮೋಟಾರ್ ಸ್ಪೇರ್ ಅಂಗಡಿಯ ಮಾಮೂಲಿ ಲಿಥಿಯಂ ಗ್ರೀಸ್ ಕೂಡ ನಡೆಯುತ್ತೆ, ಆದ್ರೆ ನಮ್ಮ ಊರಿಗೆ ಸರಿಯಾದದ್ದು ಬೋಟಿಗೆ ಹಾಕೋ ಮರೈನ್ ಗ್ರೀಸ್. ಕಾರವಾರದ ಬೈತಖೋಲ್ ಬಂದರಿನ ಕಡೆ ಬೋಟ್ ಸಾಮಾನಿನ ಅಂಗಡೀಲಿ ಕೇಳಿದೆ, ಅಲ್ಲಿದ್ದ ಹಿರಿಯರು "ತಮಾ, ಸೈಕಲ್‌ಗೆ ಇದ್ಯಾಕೆ, ಇದು ಬೋಟಿಗೆ ಹಾಕುದು" ಅಂದ್ರು. ಉಪ್ಪುನೀರಿಗೆ ಅಂತ ಕೇಳಿದೆ ಅಂದ ಕೂಡ್ಲೇ ಡಬ್ಬ ತೆಗೆದು ಚೂರು ಬೆರಳಿಗೆ ಹಚ್ಚಿಸಿ, ನಲ್ಲಿ ಕೆಳಗೆ ಕೈ ಹಿಡಿ ಅಂದ್ರು. ನೀರು ಸುರಿದ್ರೂ ಬೆರಳಿಂದ ಬಿಡಲೇ ಇಲ್ಲ, ಸೋಪು ಹಾಕಿ ತಿಕ್ಕಬೇಕಾಯ್ತು. ಅಲ್ಲೇ ತೀರ್ಮಾನ ಆಗಿಹೋಯ್ತು. ಒಂದು ಸಣ್ಣ ಡಬ್ಬ ತಂದ್ರೆ ಪೆಡಲ್, ಹಬ್, ಹೆಡ್‌ಸೆಟ್ ಎಲ್ಲಕ್ಕೂ ವರ್ಷಗಟ್ಲೆ ಬರುತ್ತೆ.

ಒಂದು ಎಚ್ಚರ ಬೇಕು, ಬೇರೆ ಬೇರೆ ಜಾತಿ ಗ್ರೀಸ್ ಬೆರೆಸಿದ್ರೆ ಕೆಲವು ಸಲ ತೆಳ್ಳಗಾಗಿ ಹರಿದುಹೋಗುತ್ತೆ. ಹಾಗಾಗಿ ಮೊದಲ ಸಲ ಮರೈನ್ ಗ್ರೀಸಿಗೆ ಬದಲಾಯಿಸುವಾಗ ಪೂರ್ತಿ ಬಿಚ್ಚಲೇಬೇಕು. ಆಕ್ಸಲ್ ತುದೀಲಿ 7 ಎಂಎಂ ಲಾಕ್ ನಟ್, ಅದರ ಹಿಂದೆ 10 ಎಂಎಂ ಕೋನ್. ಬಾಲ್ಸ್ ಎರಡು ಸಾಲು, ಒಂದೊಂದೂ 3/32 ಇಂಚು, ಅಂದ್ರೆ ಎರಡೂವರೆ ಎಂಎಂಗಿಂತ ಸಣ್ಣ, ಕೆಳಗೆ ಬಿದ್ರೆ ಸಿಗಲ್ಲ, ಅದಕ್ಕೆ ಅಂಚಿರೋ ತಟ್ಟೆ ಒಳಗೆ ಬಟ್ಟೆ ಹಾಸ್ಕೊಂಡು ಅದರ ಮೇಲೇ ಬಿಚ್ಚಿ, ಎರಡು ಸಾಲಿನದ್ದೂ ಬೇರೆ ಬೇರೆ ಇಟ್ಟು ಎಣಿಸ್ಕೊಳ್ಳಿ. ಸೀಮೆಎಣ್ಣೆ ಇಲ್ಲಾ ಡೀಸೆಲಲ್ಲಿ ತೊಳೆದು ಪೂರ್ತಿ ಒಣಗಿಸಿ. ಬೆಳಕಿಗೆ ಹಿಡಿದು ನೋಡಿದಾಗ ಬಾಲ್ಸ್ ಹೊಳಪು ಹೋಗಿ ಮಬ್ಬಾಗಿದ್ರೆ ಅಷ್ಟೂ ಬದಲಾಯಿಸಿ, ಹಳೇದು ಹೊಸದು ಬೆರೆಸ್ಬೇಡಿ. ಕೂರಿಸುವಾಗ ಜಾಗಕ್ಕೆ ಮೊದ್ಲೇ ಗ್ರೀಸ್ ಮೆತ್ತಿ, ಚಿಮಟದಲ್ಲಿ ಒಂದೊಂದೇ ಬಾಲ್ ಅಂಟಿಸ್ತಾ ಹೋಗ್ಬೇಕು, ಗ್ರೀಸೇ ಹಿಡ್ಕೊಳ್ಳುತ್ತೆ. ಆಮೇಲೆ ಕೋನ್ ಅಲ್ಲಾಟ ಹೋಗೋಷ್ಟು ಮಾತ್ರ ಬಿಗಿ ಮಾಡಿ ಲಾಕ್ ನಟ್ ಹಾಕೋದು. ಲಾಕ್ ನಟ್ ಬಿಗಿ ಮಾಡುವಾಗ ಕೋನ್ ತಾನೂ ಸ್ವಲ್ಪ ತಿರುಗಿಬಿಡುತ್ತೆ, ಅದಕ್ಕೆ ಎರಡು ಮೂರು ಸಲ ಬಿಚ್ಚಿ ಹಾಕಿ ನೋಡ್ಬೇಕಾಗುತ್ತೆ, ತಾಳ್ಮೆ ಬೇಕಾಗೋ ಕೆಲಸ ಇದೊಂದೇ.

ಮುಂದಿನ ಸಲದಿಂದ ಇಷ್ಟೆಲ್ಲ ಬೇಡ. ಕಾಲರ್ ಬಿಚ್ಚಿ ಆಕ್ಸಲ್ ಹೊರಗೆ ತೆಗೆದು, ಬಾಡಿ ಒಳಗಿನ ಹಳೇದನ್ನ ಒರೆಸಿ ಅದೇ ಮರೈನ್ ಗ್ರೀಸ್ ತುಂಬಿ, ಆಕ್ಸಲ್ ತಿರುಗಿಸ್ತಾ ಒಳಗೆ ಹಾಕಿ. ಆಕ್ಸಲ್ ಒಳಗೆ ಇಳಿದ ಹಾಗೆ ಹೊಸ ಗ್ರೀಸ್ ಬಾಲ್ಸ್ ನಡುವೆ ನುಗ್ಗಿ, ಹಳೇ ಕೊಳೆ ಗ್ರೀಸ್ ಕ್ರ್ಯಾಂಕ್ ಕಡೆ ಸೀಲಿಂದ ಹೊರಗೆ ಬರುತ್ತೆ. ಮೊದ್ಲು ಕಪ್ಪು, ಆಮೇಲೆ ಕಂದು, ಕೊನೆಗೆ ಡಬ್ಬದಲ್ಲಿರೋ ಬಣ್ಣವೇ ಬರೋ ತನಕ ಒರೆಸಿ ಇನ್ನೊಂದ್ಸಲ ಮಾಡಿ. ಈ ಪೆಡಲಿಗೆ ನಾನು ಪೂರ್ತಿ ಮಾರ್ಕ್ಸ್ ಕೊಡೋದು ಇದಕ್ಕೇ. ಮಳೆ ಶುರುವಾಗೋ ಮುಂಚೆ ಒಂದ್ಸಲ, ನಿಂತ ಮೇಲೆ ಒಂದ್ಸಲ ಮಾಡಿದ್ರೆ ಸಾಕು.

ಕ್ರ್ಯಾಂಕಿಗೆ ವಾಪಸ್ ಹಾಕುವಾಗ ಥ್ರೆಡ್ಡಿಗೂ ಇದೇ ಗ್ರೀಸ್ ಹಚ್ಚಿ, ದಯವಿಟ್ಟು ಮರೀಬೇಡಿ. ಆಕ್ಸಲ್ ಸ್ಟೀಲು, ಕ್ರ್ಯಾಂಕ್ ಅಲ್ಯುಮಿನಿಯಂ, ನಡುವೆ ಉಪ್ಪುನೀರು ಸೇರಿದ್ರೆ ಎರಡೂ ಕಚ್ಕೊಂಡು ಆಮೇಲೆ ಪಾನಾಕ್ಕೂ ಜಗ್ಗಲ್ಲ. ಕ್ಲೀಟ್ ಬೋಲ್ಟಿಗೂ ಹಾಗೇ. ಸ್ಪ್ರಿಂಗಿಗೆ ಮಾತ್ರ ಗ್ರೀಸ್ ಬೇಡ, ಮರಳು ಹಿಡಿಯುತ್ತೆ, ಒಂದೆರಡು ಹನಿ ಚೈನ್ ಎಣ್ಣೆ ಸಾಕು.

ಪ್ರೆಶರ್ ವಾಶ್ ಮಾಡಿಸ್ಬೇಡಿ. ನಾನು ಒಂದು ಸರ್ವೀಸ್ ಸ್ಟೇಷನ್‌ನಲ್ಲಿ ಸೈಕಲ್ ಬಿಟ್ಟಿದ್ದೆ, ಬೇಡ ಅಂತ ಹೇಳಿದ್ರೂ ಪೆಡಲ್ ಸೀಲಿಗೇ ನೇರ ನೀರು ಬಿಟ್ರು, ಆ ವಾರವೇ ಕರಕರ ಶುರುವಾಯ್ತು, ಬೇಜಾರಾಯ್ತು. ಬಕೆಟ್ ನೀರು, ಸ್ಪಂಜು, ಒಣ ಬಟ್ಟೆ ಅಷ್ಟೇ ಸಾಕು. ಡಬ್ಲ್ಯುಡಿ-40 ಹೊಡೆಯೋರೂ ಇದ್ದಾರೆ, ಅದು ಗ್ರೀಸ್ ಅಲ್ಲ, ಸೀಲ್ ಸಂದೀಲಿ ಹೊಡೆದ್ರೆ ಒಳಗಿರೋ ಗ್ರೀಸನ್ನೇ ಕರಗಿಸುತ್ತೆ.

ಸೆಕೆಂಡ್ ಹ್ಯಾಂಡ್ ಸಿಕ್ಕಿದ್ರೂ ಧಾರಾಳ ತಗೊಳ್ಳಿ, ಮೇಲಿನ ಬಣ್ಣ ಹೋಗಿದ್ರೆ, ಗೀರು ಬಿದ್ದಿದ್ರೆ ಏನೂ ತೊಂದ್ರೆ ಇಲ್ಲ. ಮಾರೋರ ಎದುರಿಗೇ ಟೂಲ್ ಹಾಕಿ ಕಾಲರ್ ಬಿಚ್ಚುತ್ತಾ ನೋಡಿ, ಹಲ್ಲು ಸವೆದಿದ್ರೆ ಬಿಟ್ಟುಬಿಡಿ. ಆಕ್ಸಲ್ ತಿರುಗಿಸಿದಾಗ ಒಂದೇ ಜಾಗದಲ್ಲಿ ಪ್ರತಿ ಸುತ್ತಿಗೂ ತಡೀತಾ ಇದ್ರೆ ಕೋನ್‌ನಲ್ಲಿ ಗುಳಿ ಬಿದ್ದಿರುತ್ತೆ, ಅದಕ್ಕೆ ಯಾವ ಗ್ರೀಸ್ ಹಾಕಿದ್ರೂ ಸರಿಯಾಗಲ್ಲ, ಆಕ್ಸಲ್ ಸೆಟ್ಟೇ ಬದಲಾಯಿಸ್ಬೇಕು, ಆ ಖರ್ಚಿಗಿಂತ ಹೊಸ ಜೋಡಿ ತಗೊಳ್ಳೋದೇ ವಾಸಿ.